ಹೊರಗಿನವರ ಪಾಲು

ನಮ್ಮ ಸಭೆಯ ವಾರ್ಷಿಕ ವರದಿ ಕೈಗೆ ಬಂದಾಗ ನಾನು ಅದನ್ನು ಹಿಂದಿನ ಪುಟದಿಂದ ಓದುವವಳು. ಮುಂದಿನ ಪುಟಗಳಲ್ಲಿ ಏನಿರುತ್ತದೆಂದು ಎಲ್ಲರಿಗೂ ಗೊತ್ತು. ವರ್ಷದಲ್ಲಿ ಎಷ್ಟು ಮಕ್ಕಳಿಗೆ ದೀಕ್ಷಾಸ್ನಾನವಾಯಿತು, ಎಷ್ಟು ಮದುವೆಗಳಾದವು, ಯಾರು ಯಾರು ತೀರಿಕೊಂಡರು, ಬೆಳೆಹಬ್ಬದ ಏಲಂನಲ್ಲಿ ಯಾರ ಮನೆಯ ಹಲಸಿನಹಣ್ಣು ಎಷ್ಟಕ್ಕೆ ಹೋಯಿತು, ಇಂಥವು. ಹಿಂದಿನ ಪುಟದಲ್ಲಿ ಜಮಾಖರ್ಚು ಇರುತ್ತದೆ. ಬಣ್ಣ ಬಳಿದದ್ದಕ್ಕೆ ಇಷ್ಟು, ಆವರಣದ ಗೋಡೆ ಎತ್ತರಿಸಿದ್ದಕ್ಕೆ ಇಷ್ಟು, ಧ್ವನಿವರ್ಧಕಕ್ಕೆ ಇಷ್ಟು, ಕ್ರಿಸ್ಮಸ್ ದೀಪಾಲಂಕಾರಕ್ಕೆ, ವಾರ್ಷಿಕೋತ್ಸವದ ಊಟಕ್ಕೆ ಇಷ್ಟಿಷ್ಟು. ಕೊನೆಯಲ್ಲಿ, ‘ಇತರೆ ಖರ್ಚು’ ಎಂಬುದಕ್ಕಿಂತ ಒಂದೇ ಒಂದು ಮೆಟ್ಟಿಲು ಮೇಲೆ, ‘ಸುವಾರ್ತೆ ಮತ್ತು ಹೊರಸೇವೆ’ ಎಂಬ ಸಾಲು. ಅದರ ಎದುರಿನ ಮೊತ್ತ ಕೆಲವು ವರ್ಷ ವಾರ್ಷಿಕೋತ್ಸವದ ಐಸ್‌ಕ್ರೀಮಿನ ಬಿಲ್ಲಿಗಿಂತಲೂ ಕಡಿಮೆ ಇದ್ದದ್ದುಂಟು. ಐಸ್‌ಕ್ರೀಮನ್ನು ನಾನೂ ತಿಂದಿದ್ದೇನೆ, ಚೆನ್ನಾಗಿಯೇ ಇತ್ತು. ಆದರೂ ಆ ಸಾಲು ಪಟ್ಟಿಯ ಕೆಳಗಿರಬೇಕಾದದ್ದಲ್ಲ, ಎಲ್ಲಕ್ಕಿಂತ ಮೇಲೆ ಇರಬೇಕಾದದ್ದು ಎಂದು ನನಗೆ ಅನಿಸುತ್ತದೆ. ಯಾಕೆ ಅನಿಸುತ್ತದೆ ಎಂದು ಹೇಳುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅದಕ್ಕೆ ಮೊದಲು ಕ್ರೈಸ್ತರಲ್ಲದ ಓದುಗರಿಗೆ ಒಂದು ಮಾತು. ನಾವು ‘ಸಭೆ’ ಎನ್ನುವುದು ಮೇಜು ಕುರ್ಚಿ ಹಾಕಿ ನಡೆಸುವ ಮೀಟಿಂಗಿಗೆ ಅಲ್ಲ. ಒಂದು ಊರಿನ ದೇವಾಲಯಕ್ಕೆ ಸೇರಿದ ಕುಟುಂಬಗಳೆಲ್ಲ ಕೂಡಿ ಒಂದು ಸಭೆ. ಅದನ್ನು ನೋಡಿಕೊಳ್ಳುವವರು ಸಭಾಪಾಲಕರು, ನಮ್ಮ ಬಾಯಲ್ಲಿ ಅಯ್ಯನವರು. ಇನ್ನು ‘ಮಿಷನ್’ ಎಂಬ ಪದ. ಮೂಲದಲ್ಲಿ ಅದಕ್ಕೆ ಕಳುಹಿಸುವುದು ಎಂದಷ್ಟೇ ಅರ್ಥ. ನಮ್ಮ ಕರಾವಳಿಯಲ್ಲಿ ಅದು ಶಾಲೆ, ಆಸ್ಪತ್ರೆ, ಹೆಂಚು ಇವುಗಳ ಹೆಸರಿಗೆ ಅಂಟಿಕೊಂಡು ಮನೆಮಾತಾಯಿತು. ಈಚಿನ ವರ್ಷಗಳಲ್ಲಿ ಜಗಳದ ಮಾತೂ ಆಗಿದೆ. ಆ ಜಗಳದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬಾಸೆಲ್ ಮಿಷನ್ ಹುಟ್ಟಿದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಎಂಬ ಊರಿನಲ್ಲಿ. ಅವರು ಕಳುಹಿಸಿದ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದು ಸೇರಿದ್ದು 1834ರಲ್ಲಿ. ಆಮೇಲಿನ ಕಥೆ ಶಾಲೆಯ ಪಾಠದಲ್ಲಿಯೂ ಬರುವುದರಿಂದ ಹೆಚ್ಚು ಹೇಳಬೇಕಾಗಿಲ್ಲ. 1841ರಲ್ಲಿ ಮುದ್ರಣಾಲಯ, 1843ರಲ್ಲಿ ಮೋಗ್ಲಿಂಗರ ‘ಮಂಗಳೂರ ಸಮಾಚಾರ’, 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆ, 1894ರಲ್ಲಿ ಕಿಟೆಲ್ಲರ ನಿಘಂಟು. ಕನ್ನಡಿಗರು ಇವನ್ನೆಲ್ಲ ಅಭಿಮಾನದಿಂದ ನೆನೆಯುತ್ತಾರೆ, ಬೆಂಗಳೂರಿನಲ್ಲಿ ಕಿಟೆಲ್ಲರ ಪ್ರತಿಮೆಯನ್ನೂ ನಿಲ್ಲಿಸಿದ್ದಾರೆ. ಆದರೆ ಒಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಮನೆ ನಡೆಸುವ ಹೆಂಗಸಿಗೆ ಮಾತ್ರ ಅದು ಮೊದಲು ಹೊಳೆಯುವ ಪ್ರಶ್ನೆ: ಇದಕ್ಕೆಲ್ಲ ದುಡ್ಡು ಕೊಟ್ಟವರು ಯಾರು? ಹಡಗಿನ ಟಿಕೆಟ್ಟು, ಕಾಗದ, ಸೀಸದ ಅಚ್ಚಿನ ಮೊಳೆ, ಜ್ವರ ಬಂದರೆ ಔಷಧಿ, ದಿನಾ ಊಟ, ಇದೆಲ್ಲ ಎಲ್ಲಿಂದ ಬಂತು?

ರಾಜರ ಬೊಕ್ಕಸದಿಂದ ಬರಲಿಲ್ಲ. ಶ್ರೀಮಂತರು ಕೆಲವರು ಕೊಟ್ಟರು, ನಿಜ. ಆದರೆ ದೊಡ್ಡದೊಂದು ಪಾಲು ಬಂದದ್ದು ಬಡವರ ಅಡಿಗೆಮನೆಗಳಿಂದ. 1855ರಲ್ಲಿ ಬಾಸೆಲ್ಲಿನಲ್ಲಿ ‘ಅರ್ಧ ಬಾಟ್ಸೆನ್’ ಸಂಗ್ರಹ ಎಂಬ ಒಂದು ಏರ್ಪಾಡು ಶುರುವಾಯಿತು. ಬಾಟ್ಸೆನ್ ಎಂದರೆ ಅವರ ಹಳೆಯ ಚಿಲ್ಲರೆ ನಾಣ್ಯ. 1850ರಲ್ಲಿ ಅಲ್ಲಿ ಹೊಸ ನಾಣ್ಯ ಪದ್ಧತಿ ಬಂದು ಅದು ಹೋಗಿತ್ತು, ಆದರೂ ಜನರ ಬಾಯಲ್ಲಿ ಹೆಸರು ಉಳಿದಿತ್ತು. ಇಪ್ಪತ್ತೈದು ಪೈಸೆ 2011ರಲ್ಲಿ ರದ್ದಾದರೂ ನಾವು ‘ನಾಲ್ಕಾಣೆಯ ಬುದ್ಧಿ’ ಎಂದು ಬೈಯುವುದನ್ನು ಬಿಟ್ಟಿದ್ದೇವೆಯೆ? ಹಾಗೆ. ಅರ್ಧ ಬಾಟ್ಸೆನ್ ಎಂದರೆ ಹೊಸ ಲೆಕ್ಕದಲ್ಲಿ ಐದು ರಾಪೆನ್, ಅವರ ಫ್ರಾಂಕಿನ ಇಪ್ಪತ್ತನೆಯ ಒಂದು ಭಾಗ. ವಾರಕ್ಕೆ ಅಷ್ಟೇ ಕೊಟ್ಟರೆ ಸಾಕು. ಸಂಗ್ರಹ ಮಾಡುವವರು ಒಬ್ಬೊಬ್ಬರೂ ಕೆಲವು ಮನೆಗಳನ್ನು ಹಂಚಿಕೊಂಡು ಹೋಗಿ ಬಾಗಿಲು ತಟ್ಟುತ್ತಿದ್ದರು. ಇವರಲ್ಲಿ ಅನೇಕರು ಹೆಂಗಸರು. ಕೊಡುವವರಲ್ಲಂತೂ ಮನೆಗೆಲಸದವರು, ಕೂಲಿಯವರು, ರೈತರ ಮನೆಯವರು. ಹೀಗೆ ಐದೈದಾಗಿ ಸೇರಿದ ದುಡ್ಡು ಮಿಷನ್ನಿನ ಆದಾಯದ ಒಂದು ಮುಖ್ಯ ಕಂಬವಾಗಿ ನಿಂತಿತು.

ನಾನು ಇದನ್ನು ಮೊದಲ ಸಲ ಓದಿ ತಿಳಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಚಳಿಯಲ್ಲಿ ಯಾರದೋ ಮನೆಯ ಪಾತ್ರೆ ತಿಕ್ಕುವ ಹೆಂಗಸೊಬ್ಬಳು, ಕಡಲು ಎಂದರೆ ಹೇಗಿರುತ್ತದೆಂದು ನೋಡದವಳು, ಮಂಗಳೂರು ಎಂಬುದು ಮೂಡಲೋ ಪಡುವಲೋ ಎಂದು ತಿಳಿಯದವಳು, ವಾರ ವಾರ ಐದು ರಾಪೆನ್ ಎತ್ತಿಟ್ಟಳು. ಆ ದುಡ್ಡಿನಿಂದ ನಮ್ಮ ಊರಿನಲ್ಲಿ ಒಂದು ಶಾಲೆಯಾಯಿತು. ಆ ಶಾಲೆಯಲ್ಲಿ ಹೆಣ್ಣುಮಕ್ಕಳನ್ನು ಕೂರಿಸಿ ಅಕ್ಷರ ಹೇಳಿಕೊಟ್ಟರು. ಅಂಥ ಒಂದು ಶಾಲೆಯಲ್ಲಿ ನನ್ನ ಅಜ್ಜಿ ಓದಿದಳು, ಅಜ್ಜಿ ಓದಿದ್ದರಿಂದ ಅಮ್ಮ ಟೀಚರಾದಳು, ಈ ಬರಹ ಬರೆಯುತ್ತಿರುವವಳು ಅಮ್ಮನ ಮಗಳು. ನಮ್ಮ ಸಭೆ ಹುಟ್ಟಿದ್ದೇ ಇನ್ನೊಂದು ಊರಿನ ಸಭೆಯ ಜಮಾಖರ್ಚಿನ ‘ಹೊರಸೇವೆ’ ಎಂಬ ಸಾಲಿನಿಂದ. ಅವರೂ ಗೋಡೆ ಎತ್ತರಿಸಿಕೊಂಡು ಕುಳಿತಿದ್ದರೆ ನಮ್ಮ ಸಭೆಯೂ ಇರುತ್ತಿರಲಿಲ್ಲ, ಐಸ್‌ಕ್ರೀಮಿನ ಬಿಲ್ಲೂ ಇರುತ್ತಿರಲಿಲ್ಲ.

ಬಂದವರು ಮಾಡಿದ್ದೆಲ್ಲ ಸರಿ ಎಂದು ನಾನು ಹೇಳುವುದಿಲ್ಲ. ಇಲ್ಲಿಯವರ ದೇವರುಗಳನ್ನು ಹೀಗಳೆಯುವ ಕರಪತ್ರಗಳನ್ನು ಅವರು ಹಂಚಿದ್ದರು. ಅದನ್ನು ಓದಿದರೆ ನನಗೇ ಮುಜುಗರವಾಗುತ್ತದೆ. ಕ್ರೈಸ್ತರಾದವರನ್ನು ಮಿಷನ್ ಕಂಪೌಂಡಿನೊಳಗೆ ಕೂಡಿಸಿ ಹೆತ್ತ ತಂದೆಯ ಹಾಗೆ ಗದರಿಸಿ ಸಾಕಿದರು. ಅದಕ್ಕೆ ಕಾರಣವೂ ಇತ್ತೆನ್ನಿ. ಜಾತಿಯಿಂದ ಹೊರಗೆ ಬಿದ್ದವರಿಗೆ ಗೇಣಿ ಗದ್ದೆ ಹೋಗುತ್ತಿತ್ತು, ಕಸುಬು ಹೋಗುತ್ತಿತ್ತು, ಬಾವಿಯ ನೀರೂ ಹೋಗುತ್ತಿತ್ತು. ನೇಯ್ಗೆ, ಹೆಂಚಿನ ಕಾರ್ಖಾನೆಗಳು ಬಹುಮಟ್ಟಿಗೆ ಅಂಥವರ ಹೊಟ್ಟೆಪಾಡಿಗೆಂದೇ ಹುಟ್ಟಿಕೊಂಡವು. ಆದರೆ ಆ ಕಂಪೌಂಡಿನ ಗೋಡೆ ನಮ್ಮ ಮನಸ್ಸಿನೊಳಗೂ ಬೆಳೆಯಿತು. ‘ನಮ್ಮವರು’, ‘ಹೊರಗಿನವರು’ ಎಂದು ನಾವು ಈಗಲೂ ಎಷ್ಟು ಸಲೀಸಾಗಿ ಹೇಳುತ್ತೇವೆ! ತಮಾಷೆಯೆಂದರೆ ಆ ಕಾರ್ಖಾನೆಯ ಹೆಂಚು ಮಾತ್ರ ಗೋಡೆ ದಾಟಿ ಹೋಯಿತು. ಗುತ್ತಿನ ಮನೆಗೂ, ದೇವಸ್ಥಾನದ ಸುತ್ತುಪೌಳಿಗೂ, ಮೀನು ಮಾರುಕಟ್ಟೆಗೂ ಅದೇ ಕೆಂಪು ಹೆಂಚು. ಅದರ ಕೆಳಗೆ ಕುಳಿತವರನ್ನು ಹೆಂಚು ಜಾತಿ ಕೇಳಲಿಲ್ಲ.

ಹೆಂಚಿನ ಹಾಗೆಯೇ ಗೋಡೆ ದಾಟಿ ಹೋದವರು ಇನ್ನು ಕೆಲವರಿದ್ದಾರೆ. ಅವರ ಪ್ರತಿಮೆಗಳನ್ನು ಯಾರೂ ಮಾಡಿಸಿಲ್ಲ. ‘ಬೈಬಲ್ ಸ್ತ್ರೀ’ ಎಂದು ಕರೆಯುತ್ತಿದ್ದರು ಅವರನ್ನು. ಹೆಚ್ಚಾಗಿ ವಿಧವೆಯರು, ಇಲ್ಲಿಯವರೇ, ಬಿಳಿ ಸೀರೆ, ಕಂಕುಳಲ್ಲಿ ಚೀಲ, ಚೀಲದಲ್ಲಿ ಸತ್ಯವೇದದ ಜೊತೆಗೆ ಹೊಲಿಗೆಯ ಸೂಜಿ ದಾರ. ಗಂಡಸು ಪಾದ್ರಿ ಜಗಲಿಯಿಂದಾಚೆ ಕಾಲಿಡಲಾರದ ಮನೆಗಳಲ್ಲಿ ಇವರು ಹಿತ್ತಿಲ ಬಾಗಿಲಿನಿಂದ ಒಳಗೆ ಹೋಗುತ್ತಿದ್ದರು. ಓದು ಕಲಿಸುತ್ತಿದ್ದರು, ಕಸೂತಿ ಕಲಿಸುತ್ತಿದ್ದರು, ಬಾಣಂತಿಗೆ ಜ್ವರ ಬಂದದ್ದು ಕಂಡರೆ ಆಸ್ಪತ್ರೆಗೆ ಸುದ್ದಿ ಮುಟ್ಟಿಸುತ್ತಿದ್ದರು. ನನ್ನ ಅಜ್ಜಿ ಹೇಳುತ್ತಿದ್ದಳು, ನಡುಮನೆಯ ಹೆಂಗಸರಿಗೆ ಇವರು ಬರುವ ದಿನವೆಂದರೆ ಹೊರಗಿನ ಗಾಳಿ ಬರುವ ದಿನವಂತೆ. ಹಾಗೆ ಹೋದ ಎಲ್ಲ ಮನೆಯವರೂ ಕ್ರೈಸ್ತರಾದರೆ? ಇಲ್ಲ. ಬಹುಪಾಲು ಜನ ಇದ್ದಂತೆಯೇ ಇದ್ದರು. ಇವರೂ ಹೋಗುವುದನ್ನು ನಿಲ್ಲಿಸಲಿಲ್ಲ.

ಗಂಡಸು ಡಾಕ್ಟರಿಗೆ ಮೈ ತೋರಿಸುವುದಕ್ಕಿಂತ ಸಾಯುವುದೇ ಮೇಲೆಂದು ಹೆಂಗಸರು ನೋವು ನುಂಗಿಕೊಳ್ಳುತ್ತಿದ್ದ ಕಾಲ ಅದು. ಆ ಕಾಲದಲ್ಲಿ ಹೆಂಗಸು ಡಾಕ್ಟರುಗಳು ಬಂದರು. ಮೈಸೂರಿನಲ್ಲಿ 1906ರಲ್ಲಿ ವೆಸ್ಲಿಯನ್ ಮಿಷನ್ನಿನವರು ಹೋಲ್ಡ್ಸ್‌ವರ್ತ್ ಆಸ್ಪತ್ರೆ ಶುರುಮಾಡಿದರು. ಉಡುಪಿಯಲ್ಲಿ 1923ರಲ್ಲಿ ಸ್ವಿಟ್ಜರ್ಲೆಂಡಿನ ಡಾಕ್ಟರ್ ಈವಾ ಲೊಂಬಾರ್ಡ್ ಚಿಕ್ಕದಾಗಿ ಆರಂಭಿಸಿದ ಆಸ್ಪತ್ರೆಗೆ ಈಗಲೂ ಜನ ಮಿಷನ್ ಆಸ್ಪತ್ರೆ ಎಂದೇ ಹೇಳುತ್ತಾರೆ. ಆ ಸುತ್ತಿನಲ್ಲಿ ‘ನಾನು ಹುಟ್ಟಿದ್ದು ಮಿಷನ್ ಆಸ್ಪತ್ರೆಯಲ್ಲಿ’ ಎನ್ನುವವರು ಎಲ್ಲ ಜಾತಿ ಮತದಲ್ಲಿಯೂ ಸಿಗುತ್ತಾರೆ. ಹೀಗೆ ಹುಟ್ಟಿದವರೆಲ್ಲ ಹುಟ್ಟಿದ ಮತದಲ್ಲಿಯೇ ಬೆಳೆದು ಅಜ್ಜ ಅಜ್ಜಿಯರಾದರು.

1914ರ ಯುದ್ಧ ಬಂದು ಜರ್ಮನ್ ಮಿಷನರಿಗಳನ್ನು ಇಂಗ್ಲಿಷ್ ಸರ್ಕಾರ ಹಿಡಿದು ಊರಿಗೆ ಕಳುಹಿಸಿತು, ಕಾರ್ಖಾನೆಗಳು ಕೈತಪ್ಪಿದವು. ನೋಡುವವರು ಯಾರು ಎಂದಾಗ ಇಲ್ಲಿಯ ಸಭೆಗಳು ತಮ್ಮ ಕಾಲ ಮೇಲೆ ತಾವು ನಿಲ್ಲಬೇಕಾಯಿತು, ನಿಂತವು. ಆದರೆ ನಿಲ್ಲುವುದರಲ್ಲಿಯೇ ನಮ್ಮ ಶಕ್ತಿಯೆಲ್ಲ ಹೋಯಿತೋ ಏನೋ, ನಡೆಯುವುದನ್ನು ಮರೆತೆವು ಎಂದು ನನ್ನ ಸಂಶಯ.

ಎಲ್ಲರೂ ಮರೆಯಲಿಲ್ಲ. ತಿರುನೆಲ್ವೇಲಿಯ ಸಭೆಗಳವರು 1903ರಲ್ಲಿಯೇ ತಮ್ಮದೇ ಒಂದು ಮಿಷನರಿ ಸಂಘ ಕಟ್ಟಿದರು. ವಿ. ಎಸ್. ಅಜರಯ್ಯ ಎಂಬುವರು ಮುಂದೆ ನಿಂತು, ತಮಿಳರ ದುಡ್ಡಿನಿಂದ ತಮಿಳರನ್ನೇ ತೆಲುಗು ಸೀಮೆಯ ಡೋರ್ನಕಲ್ಲಿಗೆ ಕಳುಹಿಸಿದರು, ಮುಂದೆ ತಾವೇ ಹೋದರು. 1905ರಲ್ಲಿ ದೇಶಕ್ಕೆಲ್ಲ ಸೇರಿದ ಇಂಥದೇ ಒಂದು ಸಂಘ ಬಂಗಾಳದ ಶ್ರೀರಾಂಪುರದಲ್ಲಿ ಹುಟ್ಟಿತು. ಪರದೇಶದವರ ಕಾಸಿಗೆ ಕೈಯೊಡ್ಡದೆ ನಾವೇ ನಡೆಸೋಣ ಎಂಬ ಛಲ ಅದರಲ್ಲಿತ್ತು. ಸ್ವದೇಶಿ ಚಳವಳಿಯ ವರ್ಷವೂ ಅದೇ ಎಂಬುದು ಬರಿಯ ಕಾಕತಾಳೀಯವಲ್ಲ.

ಆದರೆ ನನ್ನ ಮನಸ್ಸು ಹೋಗಿ ನಿಂತದ್ದು ಮಿಜೋರಾಮಿನ ಹತ್ತಿರ. ಅಲ್ಲಿಗೆ ಮೊದಲ ಮಿಷನರಿಗಳು ಬಂದದ್ದು 1894ರಲ್ಲಿ. ಹದಿನೈದು ಹದಿನಾರು ವರ್ಷ ಕಳೆಯುವುದರೊಳಗೆ, 1910ರ ಸುಮಾರಿಗೆ, ಅಲ್ಲಿಯ ಹೆಂಗಸರು ಒಂದು ಪದ್ಧತಿ ಹಿಡಿದರು. ಅವರ ಭಾಷೆಯಲ್ಲಿ ಅದಕ್ಕೆ ‘ಬುಹ್‌ಫಾಯ್ ಥಮ್’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹಿಡಿ ಅಕ್ಕಿ. ದುಡ್ಡಿಲ್ಲದ ಬೆಟ್ಟದ ಜನ. ಇದ್ದದ್ದು ಅಕ್ಕಿ ಮಾತ್ರ, ಅದೂ ಹೊಟ್ಟೆ ತುಂಬ ಇತ್ತೆಂದಲ್ಲ. ಅನ್ನಕ್ಕೆಂದು ಅಕ್ಕಿ ಅಳೆದು ತೆಗೆದ ಮೇಲೆ ತೊಳೆಯುವ ಮೊದಲು ಅದರಿಂದ ಒಂದು ಹಿಡಿ ತೆಗೆದು ಬೇರೆ ಪಾತ್ರೆಗೆ ಹಾಕುವುದು. ಹೊತ್ತು ಹೊತ್ತಿಗೂ ಹೀಗೆಯೇ. ಸಭೆಯ ಹೆಂಗಸರು ಮನೆಮನೆಗೆ ಹೋಗಿ ಅದನ್ನು ಕೂಡಿಸಿ ತರುತ್ತಾರೆ, ಮಾರುತ್ತಾರೆ, ಆ ಹಣ ಸಭೆಯ ಸೇವೆಗೆ ಹೋಗುತ್ತದೆ. ಆ ಪದ್ಧತಿ ನಿಂತಿಲ್ಲ. ವರ್ಷಕ್ಕೆ ಕೋಟಿಗಳ ಲೆಕ್ಕದಲ್ಲಿ ಹಣವಾಗುತ್ತದೆ. ಆ ಪುಟ್ಟ ರಾಜ್ಯದಿಂದ ಸೇವೆಗೆಂದು ಹೊರಟವರು ಅಸ್ಸಾಮಿನ ಚಹಾ ತೋಟಗಳಿಗೂ ಬೇರೆ ಬೇರೆ ರಾಜ್ಯಗಳಿಗೂ ಹೋಗಿದ್ದಾರೆ.

ಇದರಲ್ಲಿ ನನಗೆ ಹಿಡಿಸಿದ್ದು ತೊಳೆಯುವ ಮೊದಲು ಎಂಬ ಮಾತು. ಉಂಡು ಮಿಕ್ಕದ್ದನ್ನು ಕೊಡುವುದು ನಮಗೆಲ್ಲ ಅಭ್ಯಾಸವಿದೆ. ಹಳೆಯ ಸೀರೆ, ತಂಗಳು, ಮಕ್ಕಳಿಗೆ ಗಿಡ್ಡವಾದ ಅಂಗಿ. ಹಿಡಿ ಅಕ್ಕಿಯಲ್ಲಿ ಹೊರಗಿನವರ ಪಾಲು ಮೊದಲೇ ತೆಗೆದಾಗಿರುತ್ತದೆ, ಉಳಿದದ್ದು ನಮ್ಮ ಮನೆಗೆ. ದಿನಕ್ಕೆ ಎರಡು ಸಲ ಗಂಡ ಮಕ್ಕಳ ಮುಖಕ್ಕಿಂತ ಮುಂಚೆ ಕಾಣದವರ ಮುಖ ನೆನಪಿಗೆ ಬರಬೇಕು. ಯಾವ ಪ್ರಸಂಗವೂ ಇದನ್ನು ಕಲಿಸಲಾರದು.

ನಮ್ಮ ಸ್ತ್ರೀ ಸಂಘದಲ್ಲಿ ಇದನ್ನು ಹೇಳಿದೆ. ಕೂಡಲೇ ತಕರಾರುಗಳು ಎದ್ದವು. “ನಮ್ಮಲ್ಲಿ ಕುಚ್ಚಲಕ್ಕಿ, ಅವರಲ್ಲಿ ಬೆಳ್ತಿಗೆ, ಎರಡೂ ಕೂಡಿದರೆ ಯಾರು ಕೊಳ್ಳುತ್ತಾರೆ?” ಎಂದು ಒಬ್ಬರು. “ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ, ರಾತ್ರಿ ಚಪಾತಿ ಮಾರಾಯ್ತಿ, ಒಂದು ಹಿಡಿ ಹಿಟ್ಟು ತರಲಾ?” ಎಂದು ಇನ್ನೊಬ್ಬರು. “ಅಕ್ಕಿ ಹೊತ್ತುಕೊಂಡು ಹೋಗುವುದು ಯಾಕಕ್ಕಾ, ಫೋನಿನಲ್ಲಿ ನೂರು ರೂಪಾಯಿ ಹಾಕಿಬಿಟ್ಟರಾಯಿತಲ್ಲ?” ಎಂದಳು ಹೊಸದಾಗಿ ಮದುವೆಯಾಗಿ ಬಂದ ಹುಡುಗಿ. ಅವಳ ಮಾತು ತಪ್ಪಲ್ಲ. ಆದರೆ ಫೋನಿನಲ್ಲಿ ನೂರು ರೂಪಾಯಿ ಹಾಕಿದರೆ ತಿಂಗಳಿಗೆ ಒಂದು ಸಲ ನೆನಪಾಗುತ್ತದೆ, ಹಿಡಿ ಅಕ್ಕಿಯಲ್ಲಿ ದಿನಾ ನೆನಪಾಗುತ್ತದೆ ಎಂದೆ. ಕಡೆಗೆ ಹದಿನೆಂಟು ಮನೆಯವರು ಒಪ್ಪಿದರು. ಕುಚ್ಚಲು ಬೇರೆ, ಬೆಳ್ತಿಗೆ ಬೇರೆ ಎಂದು ಎರಡು ಡಬ್ಬಿ. ಮಾರುವ ಗೋಜಿಗೆ ಹೋಗಲಿಲ್ಲ. ಕುಚ್ಚಲಕ್ಕಿಯನ್ನು ಗಂಜಿ ಮಾಡಿ ಸರ್ಕಾರಿ ಆಸ್ಪತ್ರೆಗೆ ಒಯ್ಯುವುದೆಂದು ತೀರ್ಮಾನವಾಯಿತು. ರೋಗಿಗೆ ಆಸ್ಪತ್ರೆಯಲ್ಲಿ ಊಟ ಸಿಗುತ್ತದೆ, ಜೊತೆಗೆ ಬಂದವರಿಗೆ ಸಿಗುವುದಿಲ್ಲ. ಹಳ್ಳಿಯಿಂದ ಮಗನನ್ನೋ ಸೊಸೆಯನ್ನೋ ಕರೆದುಕೊಂಡು ಬಂದ ಮುದುಕಿಯರು ಎರಡು ಮೂರು ದಿನ ಬನ್ನು ಚಹಾದಲ್ಲಿ ಕಳೆಯುತ್ತಾರೆ.

ಆಸ್ಪತ್ರೆ ಭೇಟಿ ಎಂಬುದು ನಮ್ಮ ಸಭೆಗಳಿಗೆ ಹೊಸತಲ್ಲ. ಕ್ರಿಸ್ಮಸ್ಸಿನ ಮುಂಚೆ ಒಂದು ದಿನ ಬ್ಯಾನರು ಹಿಡಿದು ಹೋಗುವುದುಂಟು. ಒಂದು ಬ್ರೆಡ್ಡಿನ ಪೊಟ್ಟಣವನ್ನು ಹತ್ತು ಕೈಗಳು ಹಿಡಿದು ಒಬ್ಬ ರೋಗಿಗೆ ಕೊಡುತ್ತಿರುವ ಫೋಟೋ ತೆಗೆಸಿಕೊಳ್ಳುವುದೂ ಉಂಟು. ಆ ರೋಗಿಯ ಕಣ್ಣನ್ನು ಆ ಫೋಟೋಗಳಲ್ಲಿ ನೀವು ಯಾವಾಗಲಾದರೂ ನೋಡಿದ್ದೀರಾ? ಅವನು ಕ್ಯಾಮರಾ ಕಡೆಯೂ ನೋಡುವುದಿಲ್ಲ, ಬ್ರೆಡ್ಡಿನ ಕಡೆಯೂ ನೋಡುವುದಿಲ್ಲ. ನಾವು ಬ್ಯಾನರು ಬೇಡ ಎಂದೆವು. ಗುರುವಾರ ಗುರುವಾರ ನಾಲ್ಕು ಜನ, ಒಂದು ದೊಡ್ಡ ತಪ್ಪಲೆ, ನಂಜಿಕೊಳ್ಳುವುದಕ್ಕೆ ಮಾವಿನ ಉಪ್ಪಿನಕಾಯಿ.

ಆ ಸುದ್ದಿ ಕೇಳಿ ಪಕ್ಕದ ಮನೆಯ ಅಕ್ಕ ಬೇಲಿಯ ಹತ್ತಿರ ನಿಂತು ಕೇಳಿದರು. ನಮ್ಮದು ಮೂವತ್ತು ವರ್ಷದ ಬಳಕೆ. ಅವರ ಮನೆಯ ಚೌತಿಯ ಕಡುಬು ನಮ್ಮಲ್ಲಿಗೆ, ನಮ್ಮ ಕುಸ್ವಾರ್ ಅವರಲ್ಲಿಗೆ. ಹಾಗಾಗಿ ಸುತ್ತಿ ಬಳಸಿ ಕೇಳಲಿಲ್ಲ. “ನಾನು ಕೇಳಿದೆನೆಂದು ಬೇಜಾರು ಮಾಡಬೇಡ. ಈ ಗಂಜಿ ಕೊಡುವುದು ಜನರನ್ನು ನಿಮ್ಮ ಮತಕ್ಕೆ ಸೇರಿಸಲಿಕ್ಕಾ?”

ನಮ್ಮ ಸಭೆಗಳು ಗೋಡೆಯೊಳಗೆ ಸೇರಿಕೊಳ್ಳುವುದಕ್ಕೆ ಈ ಪ್ರಶ್ನೆಯ ಭಯವೇ ದೊಡ್ಡ ಕಾರಣ. 2008ರ ಸೆಪ್ಟೆಂಬರಿನ ಆ ಭಾನುವಾರ ಕರಾವಳಿಯಲ್ಲಿ ಪ್ರಾರ್ಥನಾಲಯಗಳ ಮೇಲೆ ದಾಳಿಗಳಾದದ್ದನ್ನು ನೋಡಿದವರು ನಾವು. 2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರದ ಕಾನೂನು ಬಂದಾಗ, ನೆರೆಮನೆಯವರಿಗೆ ‘ನಿಮಗಾಗಿ ಪ್ರಾರ್ಥಿಸುತ್ತೇನೆ’ ಎನ್ನುವುದೂ ಕಷ್ಟವೋ ಏನೋ ಎಂದು ನಮ್ಮ ಹಿರಿಯರು ಪಿಸುಗುಟ್ಟಿದರು. ಸಂವಿಧಾನದ 25ನೆಯ ವಿಧಿ ಧರ್ಮವನ್ನು ಪಾಲಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಪ್ರಚಾರ ಮಾಡುವ ಹಕ್ಕು ಎಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ವಕೀಲರು ಇದರ ಮೇಲೆ ಎಷ್ಟು ಬೇಕಾದರೂ ವಾದಿಸಲಿ. ಅಕ್ಕ ಬೇಲಿಯ ಹತ್ತಿರ ನಿಂತು ಕೇಳಿದ್ದಕ್ಕೆ ವಿಧಿಯ ನಂಬರು ಹೇಳಿ ಉತ್ತರ ಕೊಡುವುದಕ್ಕಾಗುತ್ತದೆಯೆ?

ನಾನು ಹೇಳಿದ್ದು ಇಷ್ಟು. ಗಂಜಿಗೆ ಷರತ್ತು ಹಾಕಿದರೆ ಅದು ಗಂಜಿಯಲ್ಲ, ಮುಂಗಡ. ಮುಂಗಡ ಕೊಟ್ಟು ಕೊಂಡುಕೊಳ್ಳುವಂಥದ್ದಲ್ಲ ನಂಬಿಕೆ. ‘ನೀವು ಯಾರು, ಯಾಕೆ ಬರುತ್ತೀರಿ’ ಎಂದು ಯಾರಾದರೂ ಕೇಳಿದರೆ ಮುಚ್ಚಿಡುವುದಿಲ್ಲ, ನನ್ನ ಯೇಸುಸ್ವಾಮಿಗೋಸ್ಕರ ಬರುತ್ತೇನೆ ಎಂದು ಹೇಳುತ್ತೇನೆ, ಕೇಳದಿದ್ದರೆ ಉಪ್ಪಿನಕಾಯಿ ಬೇಕೇ ಎಂದು ಕೇಳುತ್ತೇನೆ. ಆಮೇಲೆ ನಮ್ಮ ಸತ್ಯವೇದದ ಒಂದು ಕಥೆಯನ್ನೂ ಹೇಳಿದೆ. ಯೇಸು ಹತ್ತು ಮಂದಿ ಕುಷ್ಠರೋಗಿಗಳನ್ನು ಗುಣಪಡಿಸಿದ. ಹಿಂದಿರುಗಿ ಬಂದು ಕಾಲಿಗೆ ಬಿದ್ದವನು ಒಬ್ಬನೇ, ಅವನೂ ಬೇರೆ ಕುಲದವನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳಿದನೇ ಹೊರತು ಅವರ ರೋಗವನ್ನು ವಾಪಸು ಹಚ್ಚಲಿಲ್ಲ. ಅಕ್ಕ ಸ್ವಲ್ಪ ಯೋಚಿಸಿ, “ಹಾಗಾದರೆ ಗುರುವಾರ ನನ್ನ ತೆಂಗಿನಕಾಯಿ ಎರಡು ತೆಗೆದುಕೊಂಡು ಹೋಗು, ಚಟ್ನಿಗೆ” ಎಂದರು. ಆಗಾಗ ಕೊಡುತ್ತಾರೆ. ಅನುಮಾನ ಪೂರ್ತಿ ಹೋಗಿದೆಯೆಂದು ನಾನು ತಿಳಿದಿಲ್ಲ. ಹೋಗಬೇಕಾದರೆ ಇನ್ನೂ ಎಷ್ಟೋ ಗುರುವಾರಗಳು ಬೇಕು.

ಹೊರಗಿನವರಿಗಿಂತ ಒಳಗಿನವರನ್ನು ಒಪ್ಪಿಸುವುದು ಕಷ್ಟ. ಸಮಿತಿಯ ಹಿರಿಯರೊಬ್ಬರು ನನ್ನನ್ನು ಕಂಡಾಗಲೆಲ್ಲ ಹೇಳುವ ಗಾದೆ, ‘ಮನೆ ಗೆದ್ದು ಮಾರು ಗೆಲ್ಲು’. ನಮ್ಮ ಸಭೆಯಲ್ಲಿಯೇ ಬಡವರಿಲ್ಲವೆ, ನಮ್ಮ ಯುವಕರೇ ದೇವಾಲಯಕ್ಕೆ ಬರುವುದಿಲ್ಲ, ಮೊದಲು ಅದನ್ನು ನೋಡಿಕೊಳ್ಳೋಣ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಮನೆ ಗೆದ್ದು ಮುಗಿಯುವ ದಿನ ಯಾವುದು? ನಾನು ನೋಡುತ್ತಿರುವ ಈ ನಲವತ್ತು ವರ್ಷಗಳಲ್ಲಿ ನಾವು ಮನೆಯನ್ನೇ ಗೆಲ್ಲುತ್ತಿದ್ದೇವೆ. ಆರ್ಗನ್ ಯಾರು ಬಾರಿಸಬೇಕು, ಮುಂದಿನ ಬೆಂಚಿನಲ್ಲಿ ಯಾರು ಕೂರಬೇಕು, ಸಮಿತಿಗೆ ಯಾರ ಅಳಿಯ ನಿಲ್ಲಬೇಕು, ಜಗಳಗಳಿಗೆ ಕೊನೆಯಿಲ್ಲ. ಬಾಗಿಲು ಹಾಕಿದ ಕೋಣೆಯಲ್ಲಿ ಗಾಳಿ ಕೆಡುತ್ತದೆ, ಯಾರೂ ಕೆಡಿಸಬೇಕಾಗಿಲ್ಲ. ಯುವಕರು ಬರುವುದಿಲ್ಲ ಎನ್ನುತ್ತಾರೆ. ಗಂಜಿಯ ತಪ್ಪಲೆ ಎತ್ತುವುದಕ್ಕೆ ಹೆಂಗಸರಿಗೆ ಆಗದೆ ಇಬ್ಬರು ಕಾಲೇಜು ಹುಡುಗರನ್ನು ಕರೆದೆವು. ಅವರು ಭಾನುವಾರ ಎದ್ದು ಬರಲಾರದವರು, ಗುರುವಾರ ಒಂದು ದಿನವೂ ತಪ್ಪಿಸಿಲ್ಲ. ಈಗ ನಾಲ್ವರಾಗಿದ್ದಾರೆ. ಅವರಲ್ಲಿ ಒಬ್ಬ ನಮ್ಮ ಸಭೆಯವನೇ ಅಲ್ಲ, ಅವರ ಗೆಳೆಯನಂತೆ, ಯಾವ ಮತವೆಂದು ನಾನೂ ಕೇಳಿಲ್ಲ.

ಮಿಷನ್ ಎಂದ ತಕ್ಷಣ ಹಡಗು ಹತ್ತಿ ಹೋಗುವ ಚಿತ್ರ ನಮಗೆ. ಈಗ ಅಷ್ಟು ದೂರ ಹೋಗಬೇಕಾಗಿಲ್ಲ, ದೂರದವರೇ ನಮ್ಮ ಬಸ್‌ಸ್ಟ್ಯಾಂಡಿಗೆ ಬಂದು ಇಳಿಯುತ್ತಿದ್ದಾರೆ. ಬಾಗಲಕೋಟೆ, ಕೊಪ್ಪಳ, ರಾಯಚೂರಿನ ಕಡೆಯ ಕುಟುಂಬಗಳು ಕಟ್ಟಡದ ಕೆಲಸಕ್ಕೆ ಬಂದು ತಗಡಿನ ಶೆಡ್ಡುಗಳಲ್ಲಿವೆ. ಒಂದು ಕಟ್ಟಡ ಮುಗಿದರೆ ಇನ್ನೊಂದಕ್ಕೆ, ಮಕ್ಕಳ ಶಾಲೆ ಅಲ್ಲಿಗೆ ನಿಂತಿತು. ಮಿಜೋರಾಮು ಮಣಿಪುರದ ಹುಡುಗಿಯರು ಬ್ಯೂಟಿ ಪಾರ್ಲರುಗಳಲ್ಲಿದ್ದಾರೆ. ಹಿಡಿ ಅಕ್ಕಿ ಎತ್ತಿಟ್ಟವರ ಮೊಮ್ಮಕ್ಕಳೇ ಇರಬಹುದು, ನಮ್ಮ ಸಭೆಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು ಒಂದು ಮಾತೂ ಅರ್ಥವಾಗದೆ ಎದ್ದು ಹೋಗುತ್ತಾರೆ. ಇನ್ನು ನಮ್ಮ ಬೀದಿಯ ದೊಡ್ಡ ದೊಡ್ಡ ಮನೆಗಳಲ್ಲಿ ಮಕ್ಕಳು ಕೊಲ್ಲಿಯಲ್ಲೋ ಕೆನಡಾದಲ್ಲೋ ಇದ್ದು, ಒಂಟಿಯಾಗಿ ಟಿ.ವಿ. ಹಾಕಿಕೊಂಡು ಕೂತ ಅಜ್ಜಿಯರು. ಅವರಿಗೆ ಗಂಜಿ ಬೇಡ, ಹತ್ತು ನಿಮಿಷ ಮಾತು ಬೇಕು.

ದೇವಾಲಯದ ಪಕ್ಕದ ಹಾಲ್ ವಾರಕ್ಕೆ ಆರು ದಿನ ಬೀಗ ಹಾಕಿಕೊಂಡು ಇರುತ್ತದೆ. ಶೆಡ್ಡಿನ ಮಕ್ಕಳಿಗೆ ಸಂಜೆ ಐದರಿಂದ ಏಳರವರೆಗೆ ಅಲ್ಲಿ ಕುಳಿತು ಓದಿಕೊಳ್ಳಲು ಬಿಡಿ, ನಿವೃತ್ತ ಟೀಚರುಗಳು ನಾವು ಐದು ಮಂದಿ ಇದ್ದೇವೆ, ಹೇಳಿಕೊಡುತ್ತೇವೆ ಎಂದು ಸಮಿತಿಗೆ ಅರ್ಜಿ ಬರೆದೆವು. ಎರಡು ತಿಂಗಳ ಮೇಲೆ ಒಪ್ಪಿಗೆ ಬಂತು. ನೆಲ ಕೊಳೆಯಾಗಬಾರದು, ಗೋಡೆ ಮುಟ್ಟಬಾರದು ಎಂಬ ಎರಡು ಷರತ್ತು. ಈಗ ಹನ್ನೊಂದು ಮಕ್ಕಳು ಬರುತ್ತಿದ್ದಾರೆ. ಗುಳೇದಗುಡ್ಡದ ಕಡೆಯ ಒಬ್ಬಳು ಪುಟ್ಟ ಹುಡುಗಿ ಗೋಡೆ ಮುಟ್ಟದೆ ಮಾತ್ರ ಓದಲಾರಳು, ಒರಗಿಕೊಂಡೇ ಮಗ್ಗಿ ಹೇಳುವುದು ಅವಳ ಪದ್ಧತಿ. ಹೊಸ ಬಣ್ಣದ ಮೇಲೆ ಅವಳ ತಲೆಯೆಣ್ಣೆಯ ಒಂದು ಗುಂಡನೆಯ ಕಲೆ ಬಿದ್ದಿದೆ. ಸಮಿತಿಯವರು ಇನ್ನೂ ನೋಡಿಲ್ಲ. ಫ್ಯಾನಿನ ಕರೆಂಟು ಬಿಲ್ಲನ್ನು ಯಾವ ಬಾಬಿಗೆ ಹಾಕಬೇಕೆಂದು ಮುಂದಿನ ತಿಂಗಳು ಚರ್ಚಿಸುವರಂತೆ.